ಬೀಸುವ ಕಲ್ಲಿನ ಮುಂದೆ ಫಾರಸಿ

ನಾನು ಏಳನೆಯ ಜಮಾತು ದಾಟಲಿಲ್ಲ. ತರಗತಿಗೆ ಆಗ ನಮ್ಮ ಕಡೆ ಜಮಾತು ಎನ್ನುತ್ತಿದ್ದರು. ಯಾರಾದರೂ ಕೇಳುವ ಮೊದಲೇ ಈ ಮಾತನ್ನು ನಾನೇ ಹೇಳಿಬಿಡುತ್ತೇನೆ, ಹೇಳುವಾಗ ದನಿ ತಗ್ಗಿಸುವುದಿಲ್ಲ. ಯಾಕಂದರೆ ಆ ಏಳರೊಳಗೇ ಎರಡು ವರ್ಷ ಫಾರಸಿ ಕಲಿತೆ, ಇಡೀ ಶಾಲೆಗೆ, ನಮ್ಮ ಮಾತಿನಲ್ಲಿ ಸಾಲಿಗೆ, ಮೊದಲನೆಯವನಾಗಿ ಕಲಿತೆ. ಕಲಿಸಿದವರು ಮೌಲ್ವಿ ಸಾಹೇಬರು. ಆದರೆ ಅದು ನನ್ನ ನಾಲಿಗೆಗೆ ಹತ್ತಿದ್ದು ನಮ್ಮ ಮನೆಯ ಅಡುಗೆಯ ಅಂಕಣದಲ್ಲಿ, ಅವ್ವನ ಎದುರು ಬೀಸುವ ಕಲ್ಲಿನ ಗೂಟ ಹಿಡಿದು ಕೂತಾಗ.

ನಮ್ಮದು ಮೂರು ಅಂಕಣದ ಮಣ್ಣಿನ ಮಾಳಿಗೆ ಮನೆ. ತಲೆಬಾಗಿಲು ದಾಟಿದ ಕೂಡಲೇ ಎತ್ತುಗಳು, ಆಮೇಲೆ ಒಂದು ಮೆಟ್ಟಿಲು ಏರಿದರೆ ನಾವು ಕೂಡುವ ಪಡಸಾಲೆ, ಅದರ ಹಿಂದೆ ಅಡುಗೆ. ಬಂದವರು ಮೊದಲು ಎತ್ತಿನ ಮೈ ಸವರಿಯೇ ನಮ್ಮನ್ನು ಮಾತಾಡಿಸಬೇಕು. ಅಪ್ಪನಿಗೆ ಅದು ಹೆಮ್ಮೆಯ ಮಾತು. ಅಡುಗೆಯ ಅಂಕಣದಲ್ಲಿ ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು. ನಸುಕಿನಲ್ಲಿ ಅದರಿಂದ ಬೀಳುವ ಬೆಳಕು ಸರಿಯಾಗಿ ಬೀಸುವ ಕಲ್ಲಿನ ಮೇಲೆ ಬೀಳುತ್ತಿತ್ತು. ಆ ಬೆಳಕು ಒಲೆಯ ತನಕ ಸರಿಯುವುದರೊಳಗೆ ಅಂದಿನ ರೊಟ್ಟಿಯ ಜೋಳ ಹಿಟ್ಟಾಗಬೇಕು. ಅವ್ವ ತಳಕಲ್ಲು ಎಂಬ ಊರಿನ ಹೆಣ್ಣುಮಗಳು. ತವರಿನಿಂದ ಏನು ತಂದಿದ್ದಳೋ ಬಿಟ್ಟಿದ್ದಳೋ, ಬೀಸುವ ಪದಗಳನ್ನು ಮಾತ್ರ ಮಡಿಲು ತುಂಬ ತಂದಿದ್ದಳು. ತನ್ನವ್ವನ ಪದ, ಅವಳವ್ವನ ಪದ. ಓಣಿಯ ಹೆಂಗಸರು ತಮ್ಮ ಕಲ್ಲು ನಿಲ್ಲಿಸಿ ಕೇಳುತ್ತಿದ್ದರಂತೆ.

ನಾನು ಹೋಗುತ್ತಿದ್ದುದು ಕುಷ್ಟಗಿ ಹಾದಿಯ ಒಂದು ದೊಡ್ಡ ಊರಿನ ವಸ್ತಾನಿಯಾ ಸಾಲಿಗೆ, ಅಂದರೆ ನಡುವಿನ ಸಾಲಿಗೆ. ಊರಿನ ಹೆಸರು ಬರೆಯುವುದಿಲ್ಲ. ಹಿಸಾಬಿನ ಮಾಸ್ತರರ, ಅಂದರೆ ಲೆಕ್ಕ ಕಲಿಸಿದವರ, ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ, ನನ್ನನ್ನು ಕಂಡರೆ ಚಹಾ ಕುಡಿಸಿ ಕಳಿಸುತ್ತಾರೆ. ನಿಜಾಮರ ರಾಜ್ಯ, ಹಿಸಾಬು ಚರಿತ್ರೆ ಎಲ್ಲ ಉರ್ದುವಿನಲ್ಲಿ. ಉರ್ದು ಸಂತೆಯಲ್ಲೂ ಕಚೇರಿಯಲ್ಲೂ ಕಿವಿಗೆ ಬೀಳುತ್ತಿದ್ದುದರಿಂದ ಅದೇನೂ ಪರಕೀಯ ಅನ್ನಿಸಲಿಲ್ಲ. ಆರನೆಯ ಜಮಾತಿಗೆ ಬಂದಾಗ ಫಾರಸಿ ಬೇಕಾದವರು ಕೈ ಎತ್ತಿರಿ ಎಂದು ಮಾಸ್ತರರು ಅಂದರು. ಅದನ್ನು ನಮ್ಮ ಸುತ್ತ ಯಾರೂ ಆಡುತ್ತಿರಲಿಲ್ಲ. ಆದರೆ ಫಾರಸಿ ಪಾಸಾದವರಿಗೆ ಕೊಪ್ಪಳದ ದೊಡ್ಡ ಸಾಲಿಯ ಬಾಗಿಲು ಬೇಗ ತೆರೆಯುತ್ತದೆ ಎಂದು ಸುದ್ದಿ. ಕುಲಕರ್ಣಿಯವರ ಮಗ ವೆಂಕೋಬ ಕೈ ಎತ್ತಿದ. ಅವನ ಅಜ್ಜನ ಕಾಲದಿಂದ ಅವರ ಮನೆಯಲ್ಲಿ ಫಾರಸಿ ಕಾಗದ ಓದುತ್ತಿದ್ದರು. ನಾನು ಎತ್ತಲೋ ಬೇಡವೋ ಅಂತ ನೋಡುತ್ತಿದ್ದೆ. ಅವನು ತಿರುಗಿ ನೋಡಿ ನಕ್ಕ.

"ನೀ ಯಾಕೋ ಶರಣ್ಯಾ? ಎತ್ತಿನ ಕೂಡ ಮಾತಾಡಾಕ ಫಾರಸಿ ಬೇಕೇನು?"

ನನ್ನ ಕೈ ಮೇಲೆದ್ದದ್ದು ಆಗ. ಅದು ಕಲಿಯುವ ಆಸೆಯಿಂದ ಎದ್ದ ಕೈ ಅಂತ ಸುಳ್ಳು ಬರೆಯಲಾರೆ.

ಮನೆಗೆ ಬಂದು ಹೇಳಿದರೆ ಅಪ್ಪ ಬಾವಿಯ ಮಿಣಿ ಹಗ್ಗ ಹೊಸೆಯುತ್ತಿದ್ದ. ಕಪಲಿ ಬಾವಿಗೆ ಆಳು ಸಾಲುತ್ತಿರಲಿಲ್ಲ. ತೊಗಲಿನ ಚೀಲಕ್ಕೆ ಹಗ್ಗ ಕಟ್ಟಿ, ಎತ್ತು ಹೂಡಿ, ಇಳಿಜಾರಿನಲ್ಲಿ ಅವನ್ನು ಇಳಿಸಿ ಏರಿಸಿ ನೀರು ಎತ್ತುವ ಬಾವಿ ಅದು. ನಾನು ಸಾಲಿಗೆ ಹೋದಷ್ಟು ದಿನವೂ ಅಪ್ಪ ಒಬ್ಬನೇ ಎತ್ತಬೇಕು. ಅವನು ಹೊಸೆಯುವುದನ್ನು ನಿಲ್ಲಿಸದೇ ಅಂದ:

"ಓದು, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದು ಮಾತು. ಯಾವುದರಾಗರ ಒಂದರಾಗ ನಪಾಸಾದಿ ಅಂದ್ರ ಮರುದಿನ ಬಾವಿಗೆ ಬರಬೇಕು. ಅಳೋದು, ಕಾಲು ಹಿಡಿಯೋದು ನಡಿಯಂಗಿಲ್ಲ."

"ಆತು."

"ಆತು ಅಂದಿ, ನೋಡು ಮತ್ತ."

"ಆತು ಅಂದ್ರ ಆತು."

ಮೌಲ್ವಿ ಸಾಹೇಬರು ಬಡಕಲು ಮುದುಕರು, ಶೇರವಾನಿಯ ಮೊಣಕೈ ಎರಡೂ ಕಡೆ ತೇಪೆ. ಹೊಡೆಯುತ್ತಿರಲಿಲ್ಲ. ತಪ್ಪಿದರೆ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು, ನಾವು ಸರಿ ಮಾಡುವ ತನಕ ತೆರೆಯುತ್ತಿರಲಿಲ್ಲ. ನನ್ನ ಮುಂದೆ ಮೊದಲ ತಿಂಗಳು ಅವರು ಕಣ್ಣು ತೆರೆದದ್ದೇ ಕಡಿಮೆ. ಒಂದೊಂದು ಕ್ರಿಯೆಗೂ ನಾನು ಬಂದೆ, ನೀನು ಬಂದೆ, ಅವನು ಬಂದ ಎಂದು ಆರು ರೂಪ. ಅದಕ್ಕೆ ಗರ್ದಾನ್ ಎನ್ನುತ್ತಾರೆ. ಆಮದಮ್, ಆಮದೀ, ಆಮದ್, ಆಮದೀಮ್, ಆಮದೀದ್, ಆಮದಂದ್. ಸಾಲಿಯಿಂದ ಮನೆಗೆ ನಡೆಯುವ ಒಂದು ತಾಸಿನ ಹಾದಿಯಲ್ಲಿ ಬಾಯಿಪಾಠ ಮಾಡುತ್ತಾ ಬಂದರೆ ಹೊಲದ ಬದುವಿನಲ್ಲಿ ಎಲ್ಲೋ ಒಂದು ಬಿದ್ದುಹೋಗುತ್ತಿತ್ತು. ವೆಂಕೋಬ ಮಾತ್ರ ಪಟಪಟ ಅನ್ನುವವ.

ಒಂದು ನಸುಕಿನಲ್ಲಿ ಒಲೆಯ ಬದಿ ಕೂತು ಗೊಣಗುತ್ತಿದ್ದೆ. ಅವ್ವ ಬೀಸುತ್ತಿದ್ದಳು.

"ಏನದು ನೊಣ ಹಿಡದಂಗ? ಗಟ್ಟಿಗೆ ಅನ್ನು. ಕೈ ಖಾಲಿ ಐತಲ್ಲ, ಬಂದು ಗೂಟ ಹಿಡಿ."

ಎದುರು ಕೂತು ಗೂಟ ಹಿಡಿದೆ. ಗಟ್ಟಿಯಾಗಿ ಅಂದೆ. ನನ್ನ ಮಾತು ಒಂದು ಕಡೆ, ಕಲ್ಲು ಒಂದು ಕಡೆ. ಅವ್ವನಿಗೆ ತಡೆಯಲಿಲ್ಲ.

"ಹಿಂಗ ಹರಕು ಹರಕು ಅಂದ್ರ ಹಿಟ್ಟೂ ಹರಕ ಬೀಳತೈತಿ. ತಾ ಇಲ್ಲಿ. ಒಂದು ಸುತ್ತಿಗೆ ಒಂದು. ಮೊದಲನೇದು ಏನಂದಿ?"

"ಆಮದಮ್."

ಅವ್ವ ಅದನ್ನು ತನ್ನ ಬೀಸುವ ಪದದ ಧಾಟಿಗೆ ಎತ್ತಿದಳು. ಒಂದು ಸುತ್ತಿಗೆ ಒಂದು ರೂಪ, ಆರು ಸುತ್ತಿಗೆ ಒಂದು ಗರ್ದಾನ್. ಮೂರನೆಯದು ಗಿಡ್ಡ ಇದೆ ಎಂದು ಅದನ್ನು ಜಗ್ಗಿ ಸುತ್ತು ಪೂರಾ ಮಾಡಿದಳು. ಆರನೆಯದು ಮುಗಿಯುವಾಗ ಎಡಗೈಯಿಂದ ಹಿಡಿ ಜೋಳ ಹಾಕುವುದು. ನಾಲ್ಕು ಹಿಡಿ ಜೋಳ ಆಗುವುದರೊಳಗೆ ಅದು ನನ್ನ ನಾಲಿಗೆಯಲ್ಲಿ ಕೂತುಬಿಟ್ಟಿತು. ಎಂಟು ದಿನದ ಮೇಲೆ ಬೇರೆ ಗರ್ದಾನ್ ಹೇಳುವಾಗ ಅವ್ವ ಕಲ್ಲು ನಿಲ್ಲಿಸಿದಳು.

"ಒಂದು ಸುತ್ತು ತಪ್ಪಿಸಿದಿ. 'ದೀಮ್' ಆದ ಮ್ಯಾಲ 'ದೀದ್' ಬರಬೇಕು. ಹಿಂದ ಹೋಗು."

ಪುಸ್ತಕ ತೆಗೆದು ನೋಡಿದೆ. ಬರಬೇಕಾಗಿತ್ತು. ಅಕ್ಷರ ಅನ್ನುವುದು ಯಾವ ಕಡೆಯಿಂದ ಯಾವ ಕಡೆಗೆ ಓಡುತ್ತದೆ ಎಂದು ಗೊತ್ತಿಲ್ಲದ ನಮ್ಮವ್ವ ನನ್ನ ಫಾರಸಿ ತಿದ್ದಿದಳು. ಎಂಬತ್ತು ದಾಟಿದ ಈ ವಯಸ್ಸಿನಲ್ಲೂ ಇದನ್ನು ಬರೆಯುವಾಗ ಎದೆ ಸೆಟೆಯುತ್ತದೆ.

ಅಂದಿನಿಂದ ದಿನಾ ನಸುಕಿನ ಪಾಠ ಅಲ್ಲಿಯೇ. ಅವ್ವನಿಗೆ ಆ ನುಡಿಯ ಮೇಲೆ ತನ್ನದೇ ಸಂಶಯಗಳು.

"ಇದನ್ನ ಮಾತಾಡೋ ಮಂದಿ ಎಲ್ಲಿ ಇರ್ತಾರೋ? ಸಿದ್ದಾಪುರದ ಆಚಿಗೇನು?"

"ಭಾಳ ಆಚಿಗೆ. ಸಮುದ್ರ ದಾಟಬೇಕು. ಈರಾನ ಅಂತ ದೇಶ ಐತಿ."

"ಅಲ್ಲಿ ಹೆಣಮಕ್ಕಳು ಬೀಸ್ತಾರೇನು?"

ನನಗೆ ಗೊತ್ತಿರಲಿಲ್ಲ. ಮರುದಿನ ಮೌಲ್ವಿ ಸಾಹೇಬರನ್ನು ಕೇಳಿದೆ. ಜಮಾತಿಗೆ ಜಮಾತೇ ನಕ್ಕಿತು. ಅವರು ಮಾತ್ರ ನಗದೇ ಗಡ್ಡ ಸವರಿದರು.

"ಇಷ್ಟು ವರ್ಷ ಕಲಿಸೀನಿ, ಈ ಸವಾಲು ಯಾರೂ ಕೇಳಿರಲಿಲ್ಲ. ನಿಮ್ಮವ್ವಗ ಹೇಳು, ಬೀಸದೇ ರೊಟ್ಟಿ ಯಾವ ಮುಲ್ಕಿನಾಗೂ ಆಗಂಗಿಲ್ಲ. ಬೀಸೋ ಕಲ್ಲಿಗೆ ಅವರು ಆಸಿಯಾ ಅಂತಾರ."

ಆಮೇಲೆ ಅವರು ನನಗೆ ಪುಸ್ತಕದಲ್ಲಿ ಇಲ್ಲದ ಮನೆಯ ಮಾತುಗಳನ್ನು ದಿನಕ್ಕೊಂದು ಕೊಡತೊಡಗಿದರು. ರೊಟ್ಟಿಗೆ ನಾನ್, ನೀರಿಗೆ ಆಬ್, ಕೈಗೆ ದಸ್ತ್, ಎತ್ತಿಗೆ ಗಾವ್. ಪುಸ್ತಕದಲ್ಲಿ ಬರೀ ಬುಲ್‌ಬುಲ್ ಹಕ್ಕಿ, ಗುಲಾಬಿ ತೋಟ. ನಮ್ಮ ಊರಲ್ಲಿ ಎರಡೂ ಇರಲಿಲ್ಲ. ಆದರೆ ಆಬ್ ಇತ್ತು, ನಾನ್ ಇತ್ತು. ಅವ್ವ ಆ ಮಾತುಗಳನ್ನು ಕೂಡಲೇ ಬಳಕೆಗೆ ಹಚ್ಚಿದಳು. ತಂಗಿ ಗಂಗವ್ವನಿಗೆ "ಆಬ್ ತಗೊಂಡು ಬಾ" ಅನ್ನುವಳು, ಅದು ಚರಿಗೆ ಹಿಡಿದು ಓಡುವುದು. ಅಪ್ಪ ಊಟಕ್ಕೆ ಕೂತವನು ತಾಟು ಸರಿಸಿ ಸಿಡುಕಿದ.

"ಮನ್ಯಾಗ ಮೂರು ಮಂದಿ ಸಾಹೇಬರಾದ್ರಿ. ನಂಗ ಯಾವ ನುಡ್ಯಾಗ ರೊಟ್ಟಿ ಬೇಡಬೇಕು ಅದನ್ನರ ಹೇಳ್ರಿ."

"ನಾನ್ ಅನ್ರಿ," ಅಂದಳು ಅವ್ವ.

"ನಾನು ಅಲ್ಲದ ಮತ್ತಾರು ಬೇಡ್ತಾರ? ಹಾಕು."

ಗಂಗವ್ವ ನಕ್ಕು ನಕ್ಕು ಬಿದ್ದಳು. ಆದರೆ ಒಂದು ಸಂಜೆ ಅಪ್ಪ ಹೊಲದಿಂದ ಬಂದು ತಲೆಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೇ "ಗಾವ್‌ಗೆ ಮೇವು ಬಿದ್ದೈತೇನು?" ಎಂದು ಕೇಳಿದ. ಯಾರೂ ನಗಲಿಲ್ಲ. ನಕ್ಕರೆ ಮತ್ತೆ ಅನ್ನುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಏಳನೆಯ ಜಮಾತಿನ ಪರೀಕ್ಷೆಗೆ ಮೇಲಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಕೆಂಪು ಟೋಪಿ, ಅದಕ್ಕೆ ಕರಿ ಗೊಂಡೆ. ಫಾರಸಿಯನ್ನು ಎದುರು ನಿಲ್ಲಿಸಿ ಬಾಯಿಂದಲೇ ಕೇಳುವರು. ವೆಂಕೋಬ ಅರ್ಧ ಅಂದು ಎರಡು ಕಡೆ ತಪ್ಪಿ ಬಂದು ಕೂತ. ನನ್ನ ಹೆಸರು ಕರೆದರು. ಎದ್ದು ಹೋಗಿ ನಿಂತೆ, ಕೈ ಕಟ್ಟಿದೆ. ಆಮದನ್ ಕ್ರಿಯೆಯ ಗರ್ದಾನ್ ಹೇಳು ಅಂದರು. ಎಲ್ಲಕ್ಕಿಂತ ಮೊದಲು ಕಲಿತದ್ದು ಅದೇ. ಬಾಯಿ ತೆರೆದೆ, ಏನೂ ಬರಲಿಲ್ಲ. ಬಾಯಿ ಒಣಗಿತು ಅಂತಲ್ಲ. ಆ ಮಾತು ನನ್ನ ಬಾಯಲ್ಲಿ ಇರಲೇ ಇಲ್ಲ. ಮೌಲ್ವಿ ಸಾಹೇಬರ ಮುಂದೆ ನೆಲದ ಮೇಲೆ ಕೂತು, ತೊಡೆಯ ಮೇಲೆ ಬೆರಳು ತಿರುಗಿಸುತ್ತಾ ಹೇಳುತ್ತಿದ್ದೆ; ಎರಡು ವರ್ಷದಲ್ಲಿ ಒಂದು ದಿನವೂ ಕೈ ಕಟ್ಟಿ ನಿಂತು ಹೇಳಿರಲಿಲ್ಲ. ಮೌಲ್ವಿ ಸಾಹೇಬರು ಮೂಲೆಯಲ್ಲಿ ಕಣ್ಣು ಮುಚ್ಚಿದರು. ಅದನ್ನು ನೋಡಿದ ಕೂಡಲೇ ನನ್ನ ಬಲಗೈ ತಾನೇ ಬಿಚ್ಚಿಕೊಂಡಿತು, ಗಾಳಿಯಲ್ಲಿ ಗೂಟ ಹಿಡಿಯಿತು, ತಿರುಗಿತು. ಒಂದು ಸುತ್ತಿಗೆ ಒಂದು. ಅವ್ವನ ಧಾಟಿ ಸಮೇತ ಆರೂ ಬಂದವು. ಆರನೆಯದಕ್ಕೆ ಎಡಗೈ ಇಲ್ಲದ ಜೋಳವನ್ನು ಹಾಕಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಇನ್ಸ್‌ಪೆಕ್ಟರ್ ಸಾಹೇಬರು ಕೋಲಿನಿಂದ ಮೇಜು ಕುಟ್ಟಿ ಸುಮ್ಮನಾಗಿಸಿ, ಕೈಗೆ ಏನಾಗಿದೆ ಎಂದು ಉರ್ದುವಿನಲ್ಲಿ ಕೇಳಿದರು. ಮುಚ್ಚಿಡುವುದು ನನಗೆ ಆಗಲೂ ಬರುತ್ತಿರಲಿಲ್ಲ.

"ಬೀಸಾಕ ಹತ್ತೀನ್ರಿ, ಹುಜೂರ್. ನಮ್ಮವ್ವನ ಕೂಡ ಬೀಸಿಕೋತ ಕಲತೀನ್ರಿ."

"ನಿನ್ನ ತಾಯಿಗೆ ಫಾರಸಿ ಬರತದ?"

"ಗರ್ದಾನ್ ಪೂರಾ ಬರ್ತಾವ್ರಿ. ಅರ್ಥ ಬರಂಗಿಲ್ರಿ."

ಮೂಲೆಯಿಂದ ಮೌಲ್ವಿ ಸಾಹೇಬರ ದನಿ ಬಂತು. "ಹುಜೂರ್, ಅರ್ಥ ಬಿಟ್ಟು ಉಳಿದದ್ದೂ ಬಾರದವರು ಈ ಸಾಲಿಯೊಳಗೆ ಹದಿನಾರು ಮಂದಿ ಅದಾರ್ರಿ."

ಇನ್ಸ್‌ಪೆಕ್ಟರ್ ಸಾಹೇಬರು ಮೀಸೆಯೊಳಗೇ ನಕ್ಕು "ಬೀಸು" ಅಂದರು. ಕೇಳಿದ್ದೆಲ್ಲ ಬೀಸಿದೆ. ಒಂಬತ್ತು ಗರ್ದಾನ್, ಒಂದೂ ಸುತ್ತು ತಪ್ಪಲಿಲ್ಲ. ಫಾರಸಿಗೆ ನಾನೇ ಅವ್ವಲ್, ಮೊದಲನೆಯವನು, ಎಂದು ಅವತ್ತೇ ಬರೆದು ಹೋದರು.

ಅಂಥವನು ಹಿಸಾಬಿನಲ್ಲಿ ನಪಾಸಾದೆ. ಲೆಕ್ಕ ಬರಲಿಲ್ಲ ಅಂದುಕೊಳ್ಳಬೇಡಿರಿ. ಹೌದಿಗೆ, ಅಂದರೆ ನೀರಿನ ತೊಟ್ಟಿಗೆ, ಒಂದು ಕಡೆಯಿಂದ ನೀರು ಬರುತ್ತದೆ, ಇನ್ನೊಂದು ಕಡೆಯಿಂದ ಹೋಗುತ್ತದೆ, ಎಷ್ಟು ತಾಸಿಗೆ ತುಂಬುತ್ತದೆ ಎಂಬಂಥ ಲೆಕ್ಕಗಳು. ಬಾವಿಯ ಮನೆಯಲ್ಲಿ ಹುಟ್ಟಿದವನಿಗೆ ಅದನ್ನು ಕಲಿಸಬೇಕೇ? ನೀರು ಹಾಯಿಸುವಾಗ ಅಪ್ಪ ತಲೆಯಲ್ಲಿ ಲೆಕ್ಕ ಹಾಕಿ ಬಾಯಲ್ಲಿ ಉತ್ತರ ಹೇಳುತ್ತಿದ್ದ. ನಾನೂ ಹಾಗೇ ಉತ್ತರ ಬರೆದೆ. ನಡುವಿನದನ್ನು ಬರೆಯಬೇಕೆಂದು ಮಾಸ್ತರರು ನೂರು ಸಲ ಹೇಳಿದ್ದು ನಿಜ. ಉತ್ತರ ಸರಿ ಇದ್ದ ಮೇಲೆ ಹಾದಿ ಯಾಕೆ ತೋರಿಸಬೇಕು ಅನ್ನುವುದು ನನ್ನ ಜಂಬ. ಎಂಟಕ್ಕೆ ಎಂಟು ಸರಿ, ನಡುವೆ ಒಂದು ಗೆರೆ ಇಲ್ಲ. ಹಿಸಾಬಿನ ಮಾಸ್ತರರು ಅದನ್ನು ಮುಂದೆ ಕೂತಿದ್ದ ವೆಂಕೋಬನಿಂದ ಕದ್ದದ್ದು ಎಂದರು. ವೆಂಕೋಬನ ಎರಡು ಉತ್ತರ ತಪ್ಪಿದ್ದವು. ಅದನ್ನು ಯಾರೂ ಜೋಡಿಸಿ ನೋಡಲಿಲ್ಲ. ನಾಲ್ಕು ದಿನದೊಳಗೆ ಜಮಾತಿನ ಮುಂದೆ ನಿಂತು "ತಪ್ಪಾತ್ರಿ" ಅಂದರೆ ಮತ್ತೊಮ್ಮೆ ಬರೆಯಲು ಬಿಡುತ್ತೇವೆ, ಇಲ್ಲದಿದ್ದರೆ ನಪಾಸು ಎಂದರು. ನಾನು ಹಲಗೆ ಎತ್ತಿಕೊಂಡು ಮನೆಗೆ ಬಂದೆ.

ಮೂರನೆಯ ದಿನ ಮಧ್ಯಾಹ್ನ ಮೌಲ್ವಿ ಸಾಹೇಬರು ಬಿಸಿಲಲ್ಲಿ ನಡೆದು ನಮ್ಮ ಮನೆಗೆ ಬಂದರು. ಎತ್ತಿನ ಮೈ ಸವರಿ ಮೆಟ್ಟಿಲು ಏರಿದರು. ಅಪ್ಪ ಕಂಬಳಿ ಹಾಸಿದ. ಅವ್ವ ಬೆಲ್ಲ ನೀರು ಕಳಿಸಿ ಅಡುಗೆಯ ಬಾಗಿಲ ಹಿಂದೆ ನಿಂತಳು. ಅವಳ ಬಳೆಗಳು ಕಾಣುತ್ತಿದ್ದವು. ಮೌಲ್ವಿ ಸಾಹೇಬರು ಅಪ್ಪನಿಗೆ ಅಂದರು:

"ಹನುಮಪ್ಪ, ನಾಳೆ ಒಂದೇ ದಿನ ಉಳದೈತಿ. ಇವನು ಬಂದು ತಪ್ಪಾತ್ರಿ ಅಂದ್ರ ಸಾಕು. ಎರಡೇ ಲಫ್ಜ್, ಎರಡೇ ಮಾತು. ಕೊಪ್ಪಳದ ಸಾಲಿಗೆ ನಾ ಸ್ವತಾ ಚೀಟಿ ಬರದು ಕೊಡ್ತೀನಿ."

ಅಪ್ಪ ಕಂಬಳಿಯ ಅಂಚನ್ನು ಕೈಯಿಂದ ಸರಿಪಡಿಸಿದ. ಎರಡು ವರ್ಷದ ಹಿಂದೆ ಆಡಿದ ಮಾತು ಅವನ ಗಂಟಲಲ್ಲಿ ಇತ್ತು. ಅದನ್ನು ನುಂಗುವುದನ್ನು ನಾನು ಕಣ್ಣಾರೆ ಕಂಡೆ.

"ನಾ ಅಂದಿದ್ದು ನಾ ಬಿಡ್ತೀನ್ರಿ. ಬಾವಿ ಹೆಂಗರ ನಡೀತೈತಿ. ಹೋಗ್ಲಿ ಅವ."

ಎಲ್ಲರೂ ನನ್ನ ಕಡೆ ನೋಡಿದರು.

"ನಾ ಕದ್ದಿಲ್ರಿ. ತಪ್ಪಾತು ಅನ್ನಂಗಿಲ್ಲ."

"ಕದ್ದಿಲ್ಲ ಅಂತ ನಂಗ ಗೊತ್ತೈತಿ, ಬೇಟಾ."

"ನಿಮಗ ಗೊತ್ತಿದ್ರ ಅಲ್ಲಿ ಹೇಳ್ರಿ."

"ಹೇಳೀನಿ. ಕೇಳಲಿಲ್ಲ."

"ಹಂಗಾದ್ರ ನಾನೂ ಅನ್ನಂಗಿಲ್ರಿ. ಅಪ್ಪ ಮಾತು ಬಿಟ್ರೂ ನಾ ಬಿಡಂಗಿಲ್ಲ. ನಪಾಸಾಗೀನಿ, ಬಾವಿಗೆ ಹೋಗ್ತೀನಿ."

ಮೌಲ್ವಿ ಸಾಹೇಬರು ಕಣ್ಣು ಮುಚ್ಚಿಕೊಂಡರು. ನಾನು ಸರಿ ಮಾಡಲಿ ಎಂದು ಕಾಯ್ದರು. ನಾನು ಮಾಡಲಿಲ್ಲ. ಕೊನೆಗೆ ತಾವೇ ಕಣ್ಣು ತೆರೆದು ಎದ್ದರು.

"ನಿಂಗ ಇಡೀ ಒಂದು ಜಬಾನ್, ಇಡೀ ಒಂದು ನುಡಿ ಕಲಿಸಿದೆ. ಎರಡು ಲಫ್ಜ್ ಕಲಿಸಾಕ ನನ್ನ ಕೈಲೆ ಆಗಲಿಲ್ಲ ನೋಡು."

ಅವರು ಓಣಿ ತಿರುಗುವ ತನಕ ಅವ್ವ ಹೊರಗೆ ಬರಲಿಲ್ಲ. ಬಂದವಳು ನನ್ನನ್ನು ಹೊಡೆಯಬಹುದು ಅಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ಎರಡು ವರ್ಷ ನಾ ನನ್ನ ಪದ ಬಿಟ್ಟು ನಿನ್ನ ಪದ ಹಾಡೀನಿ. ನಿನ್ನೆ ನಮ್ಮವ್ವನ ಪದ ಎತ್ತಾಕ ಹೋದೆ, ಮೂರನೇ ಸಾಲು ಬರವಲ್ಲದು. ನೀ ಒಗದಿ. ನನ್ನದೂ ಹೋತು, ನಿನ್ನದೂ ಹೋತು. ನಾ ಏನು ಹಾಡಿ ಬೀಸಲೋ ಇನ್ನ?"

ಮಾಸ್ತರರಿಗೆ ಕೊಡಲು ನನ್ನ ಹತ್ತಿರ ಉತ್ತರ ಇತ್ತು. ವೆಂಕೋಬನಿಗೂ ಇತ್ತು. ಇದಕ್ಕೆ ಆಗಲೂ ಇರಲಿಲ್ಲ, ಅವ್ವ ಹೋಗಿ ನಲವತ್ತು ವರ್ಷ ಮೇಲಾದರೂ ಇಲ್ಲ. ಹೆಮ್ಮೆಯಿಂದ ಬರೆಯುತ್ತೇನೆ ಎಂದು ಕೂತವನು ಇದೊಂದು ಸಾಲನ್ನು ಬಿಟ್ಟು ಬರೆದರೆ ಅದು ಕಳ್ಳತನ ಆದೀತು.

ಮರುದಿನ ನಸುಕಿನಲ್ಲಿ ರೂಢಿಯಂತೆ ಎದ್ದು ಕಲ್ಲಿನ ಮುಂದೆ ಹೋದೆ. ನನ್ನ ಜಾಗದಲ್ಲಿ ಗಂಗವ್ವ ಕೂತಿದ್ದಳು, ನಿದ್ದೆಗಣ್ಣಿನಲ್ಲಿ ಗೂಟ ಹಿಡಿದುಕೊಂಡು. ಅವ್ವ ತಲೆ ಎತ್ತಲಿಲ್ಲ. "ನಿಮ್ಮಪ್ಪ ಹೊರಗ ನಿಂತಾನ" ಅಂದಳು ಅಷ್ಟೆ. ಹಾಡಲಿಲ್ಲ. ಬರೀ ಕಲ್ಲಿನ ಸದ್ದು ಕೇಳುತ್ತಾ ತಲೆಬಾಗಿಲು ದಾಟಿದೆ.

ಬಾವಿಯ ತನಕ ಅಪ್ಪ ಮುಂದೆ, ಎತ್ತು ನಡುವೆ, ನಾನು ಹಿಂದೆ. ನನ್ನೊಳಗೆ ಒಂದು ಬಿಗುಮಾನ ಇತ್ತು. ಅಪ್ಪನ ಮಗ ಅಂದರೆ ಹೀಗಿರಬೇಕು, ಆಡಿದ್ದನ್ನು ಬಿಡಬಾರದು, ಅವನಿಂದಲೇ ಕಲಿತದ್ದು ಎಂದು. ಅವನು ಒಂದು ಒಳ್ಳೆಯ ಮಾತು ಅಂದಾನು ಎಂದು ದಾರಿಯುದ್ದಕ್ಕೂ ಕಾಯ್ದೆ. ಅವನು ಬಾಯಿ ತೆರೆದದ್ದು ನೊಗ ಹೂಡಿದ ಮೇಲೆ, ಹಗ್ಗದ ಗಂಟು ಜಗ್ಗಿ ನೋಡುತ್ತಾ.

"ನಿನ್ನ ಜಾಗಾದಾಗ ನಾ ಇದ್ರ ಅಂತಿದ್ದೆ."

"ಏನಂತ?"

"ತಪ್ಪಾತ್ರಿ ಅಂತ. ಗೌಡರ ಮುಂದ ಅಂದೀನಿ. ಕಂದಾಯಕ್ಕ ಬರೋ ಗಿರದಾವರನ ಮುಂದ ಅಂದೀನಿ. ತಪ್ಪು ಮಾಡದೇ ಎಷ್ಟು ಸಲ ಅಂದೀನೋ ಲೆಕ್ಕ ಇಲ್ಲ. ಅನ್ನದ ಇದ್ದಿದ್ರ ಈ ಬಾವಿ ನಮ್ಮ ಕೈಯಾಗ ಉಳೀತಿರಲಿಲ್ಲ."

ನಾನು ಅವನ ಮುಖ ನೋಡಿದೆ. ಅವನು ಗಂಟನ್ನು ಇನ್ನೊಮ್ಮೆ ಜಗ್ಗಿದ.

"ನೀ ನನ್ನಂಗ ಆಗಲಿಲ್ಲ ಬಿಡು," ಅಂದ.

ಹೊಗಳಿದನೋ ಹಳಿದನೋ ಕೇಳುವ ಧೈರ್ಯ ಆಗಲಿಲ್ಲ. ಅವನು ಕೈಯಲ್ಲಿದ್ದ ಬಾರುಕೋಲನ್ನು ನನಗೆ ಚಾಚಿ ಪಕ್ಕಕ್ಕೆ ಸರಿದು ನಿಂತ. ಅಲ್ಲಿಯವರೆಗೆ ಅವನು ಬಾವಿಯ ಮೇಲೆ ಇದ್ದಾಗ ಬೇರೆ ಯಾರೂ ಎತ್ತು ಹೊಡೆದದ್ದನ್ನು ನಾನು ನೋಡಿರಲಿಲ್ಲ. ಇಸಿದುಕೊಂಡೆ. ಹಗ್ಗದ ಮೇಲೆ ಕೂತು ಎತ್ತುಗಳನ್ನು ಇಳಿಜಾರಿಗೆ ಬಿಟ್ಟೆ. ಅವತ್ತು ಹೊತ್ತು ಮುಳುಗುವುದರೊಳಗೆ, ಅಪ್ಪ ಒಬ್ಬನೇ ಎರಡು ದಿನದಲ್ಲಿ ಹಾಯಿಸುವಷ್ಟು ಹೊಲಕ್ಕೆ ನೀರು ಹಾಯಿಸಿದೆ. ಸಾಕು ಬಾ ಅಂತ ಅವನು ಎರಡು ಸಲ ಕರೆದ. ಮಡಿಗಳು ಪೂರಾ ತುಂಬುವ ತನಕ ನಾನು ಇಳಿಯಲಿಲ್ಲ.